ನಲವತ್ತೊಂದು ಮನೆಗಳ ಊರು

ಕನ್ನಡದವರು ಯಾರೇ ಸಿಗಲಿ, ಹೆಸರು ಕೇಳುವ ಮೊದಲು ಊರು ಕೇಳುವ ಚಟ ನನಗಿದೆ. ಅಮೆರಿಕದ ನಮ್ಮ ಸೆಂಟರ್‌ವಿಲ್‌ನ ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಕಟ್ಟು ಆರಿಸುತ್ತಿರುವವರ ಬಾಯಿಂದ ಒಂದು ‘ಅಯ್ಯೋ’ ಬಂದರೆ ಸಾಕು, ನನ್ನ ತಳ್ಳುಗಾಡಿ ತಾನಾಗಿಯೇ ಅತ್ತ ತಿರುಗುತ್ತದೆ. ಯಾವ ಊರು ನಿಮ್ಮದು? ಮೈಸೂರು ಎಂದರೆ ಮೈಸೂರಿನಲ್ಲಿ ಎಲ್ಲಿ, ಸರಸ್ವತಿಪುರಂ ಎಂದರೆ ಎಷ್ಟನೇ ಮೇನು? ಕೊನೆಗೆ ಅವರ ಚಿಕ್ಕಪ್ಪನ ಮನೆಯ ಹಿಂದಿನ ಔಟ್‌ಹೌಸಿನಲ್ಲಿ ನನ್ನ ಹೆಂಡತಿಯ ಸೋದರಮಾವ ಬಾಡಿಗೆಗಿದ್ದರು ಎಂದು ಪತ್ತೆಯಾಗುವ ತನಕ ನನಗೆ ಸಮಾಧಾನವಿಲ್ಲ. ಪತ್ತೆಯಾದ ಮೇಲೆ ಆ ಸೋದರಮಾವನ ಬಗ್ಗೆ ಮಾತಾಡಲು ಇಬ್ಬರಿಗೂ ಏನೂ ಇರುವುದಿಲ್ಲ. ಅವರು ಬೆಂಡೆಕಾಯಿಯ ಕಡೆಗೆ, ನಾನು ಹಾಲಿನ ಕಡೆಗೆ ಹೋಗುತ್ತೇವೆ. ನನ್ನ ಹೆಂಡತಿ ವೀಣಾ ಇದಕ್ಕೆ ‘ಇಮಿಗ್ರೇಷನ್ ಕೌಂಟರ್’ ಎಂದು ಹೆಸರಿಟ್ಟಿದ್ದಾಳೆ.

ಇಷ್ಟೆಲ್ಲ ವಿಚಾರಣೆ ನಡೆಸುವವನಿಗೆ ತನ್ನದೇ ಆದ ಒಂದು ಗಟ್ಟಿ ಊರು ಇರಬೇಕು ಎಂದು ನೀವು ಅಂದುಕೊಂಡರೆ ತಪ್ಪಿಲ್ಲ. ನನ್ನ ಹೆಸರು ಹೆಚ್. ಆರ್. ರವೀಂದ್ರ. ಹೆಚ್ ಎಂದರೆ ಹೊಸಹಳ್ಳಿ. ಪಾಸ್‌ಪೋರ್ಟಿಗೆ ಸರ್‌ನೇಮ್ ಬೇಕು ಎಂದಾಗ ಬೇರೇನೂ ತೋಚದೆ ಆ ಇನಿಶಿಯಲ್ಲನ್ನೇ ಬಿಡಿಸಿ ಬರೆದೆ. ಹಾಗಾಗಿ ಅಮೆರಿಕದಲ್ಲಿ ನಾನು ಮಿಸ್ಟರ್ ಹೊಸಹಳ್ಳಿ. ಬ್ಯಾಂಕಿನವರು, ದಂತವೈದ್ಯರು, ರೆಸ್ಟನ್‌ನ ನನ್ನ ಆಫೀಸಿನವರು, ಎಲ್ಲರೂ ನನ್ನನ್ನು ಒಂದು ಇಡೀ ಊರಿನ ಹೆಸರಿನಿಂದ ಕರೆಯುತ್ತಾರೆ. ಆ ಊರನ್ನು ನಾನು ಒಮ್ಮೆಯೂ ನೋಡಿಲ್ಲ. ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರಿನ ರಾಜಾಜಿನಗರದಲ್ಲಿ. ಆದರೂ ಯಾರಾದರೂ ತಿರುಗಿ ಕೇಳಿದರೆ ‘ಹೊಸಹಳ್ಳಿ’ ಎಂದು ಗತ್ತಿನಿಂದ ಹೇಳುತ್ತಿದ್ದೆ. ಕೇಳಿದವರು ‘ಓ, ಗೊತ್ತು ಗೊತ್ತು’ ಎನ್ನುತ್ತಿದ್ದರು. ಕರ್ನಾಟಕದಲ್ಲಿ ಒಂದಾದರೂ ಹೊಸಹಳ್ಳಿ ಇಲ್ಲದ ತಾಲ್ಲೂಕು ಇದ್ದಂತಿಲ್ಲ, ಹಾಗಾಗಿ ನಾನು ಎಂದೂ ಸಿಕ್ಕಿಬಿದ್ದಿರಲಿಲ್ಲ.

ಸಿಕ್ಕಿಬಿದ್ದದ್ದು ಪಕ್ಕದ ಮನೆಯ ಟ್ರೂಡಿ ಆಂಟಿಯ ಕೈಯಲ್ಲಿ. ಅದರ ಸಾಕ್ಷಿ ಈಗ ನನ್ನ ಮೇಜಿನ ಮೇಲೆ ಹಸಿರು ರಟ್ಟು ಹೊದ್ದುಕೊಂಡು ಕೂತಿದೆ. ಮೂವತ್ತಾರು ಪುಟದ ಪುಸ್ತಕ, ಜರ್ಮನಿಯ ಒಂದು ಪುಟ್ಟ ಹಳ್ಳಿಯ ಇತಿಹಾಸ ಮತ್ತು ಭೂಗೋಳ. ಬರೆದವನು ನಾನು, ಅಂದರೆ ಟೈಪ್ ಮಾಡಿದವನು ನಾನು. ಎರಡರ ನಡುವಿನ ವ್ಯತ್ಯಾಸ ಕಲಿಯಲು ನನಗೆ ಒಂದೂವರೆ ವರ್ಷ ಹಿಡಿಯಿತು.

ಟ್ರೂಡಿ ಆಂಟಿ ಎಂಬತ್ತು ದಾಟಿದವರು, ಒಂಟಿ. ಹತ್ತು ವರ್ಷ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕಿದ್ದರೂ ನಮ್ಮ ನಡುವೆ ಹವಾಮಾನದ ವಿನಿಮಯ ಬಿಟ್ಟು ಬೇರೇನೂ ನಡೆದಿರಲಿಲ್ಲ. ೨೦೨೦ರ ಕೊರೋನಾ ಬಂತು, ಆಫೀಸು ಮುಚ್ಚಿತು. ಅವರ ಕಣ್ಣಿನ ನಡುಭಾಗ ಮಸುಕಾಗಿತ್ತು. ಮನುಷ್ಯ ನಿಂತಿರುವುದು ತಿಳಿಯುತ್ತಿತ್ತು, ಮುಖ ಕಾಣುತ್ತಿರಲಿಲ್ಲ, ಅಕ್ಷರವಂತೂ ಇಲ್ಲವೇ ಇಲ್ಲ. ವೀಣಾ ನನ್ನ ಕೈಗೆ ಎರಡು ಚೀಲ ಕೊಟ್ಟು, ನಮ್ಮ ದಿನಸಿಯ ಜೊತೆ ಅವರದ್ದೂ ತರುವ ಕೆಲಸ ಹಚ್ಚಿದಳು. ಚೀಲವನ್ನು ಬಾಗಿಲಲ್ಲಿಟ್ಟು ನಾನು ಡ್ರೈವ್‌ವೇಗೆ ಇಳಿದು ನಿಲ್ಲುವುದು, ಅವರು ಹೊರಗೆ ಬಂದು ಮಡಚುವ ಕುರ್ಚಿಯಲ್ಲಿ ಕೂರುವುದು, ನಡುವೆ ಆರು ಅಡಿ. ಸ್ವಲ್ಪ ದಿನಕ್ಕೆ ನನಗೂ ಒಂದು ಕುರ್ಚಿ ಬಂತು.

ಕುರ್ಚಿ ಬಂದ ಮೇಲೆ ಚಟ ಸುಮ್ಮನಿರುತ್ತದೆಯೇ? ಅವರ ಊರು ಕೇಳಿದೆ. ಜರ್ಮನಿ ಎಂದರು. ಅಮೆರಿಕದವರಾದರೆ ಅಲ್ಲಿಗೆ ಮುಗಿಸಿ, ತಾವೂ ಒಮ್ಮೆ ಅಲ್ಲಿ ಬಿಯರ್ ಕುಡಿದದ್ದನ್ನು ಹೇಳುತ್ತಾರೆ. ನಾನು ಜರ್ಮನಿಯಲ್ಲಿ ಎಲ್ಲಿ ಎಂದೆ. ರೈನ್ ನದಿಯ ಪಶ್ಚಿಮಕ್ಕೆ, ಗುಡ್ಡಗಾಡು ಎಂದರು. ಹತ್ತಿರದ ರೈಲ್ವೆ ಸ್ಟೇಷನ್ ಯಾವುದು ಎಂದೆ. ಹೇಳಿದರು. ಸ್ಟೇಷನ್ನಿಂದ ಮನೆಗೆ ಎಷ್ಟು ದೂರ ಎಂದೂ ಕೇಳಿದೆ. ಅದಕ್ಕೆ ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ:

“ನಡೆದರೆ ಎರಡು ಗಂಟೆ. ಪೆಟ್ಟಿಗೆ ಇದ್ದರೆ ಮೂರು. ನಾನು ಈ ದೇಶಕ್ಕೆ ಬಂದು ಅರವತ್ತು ವರ್ಷ ಆಯಿತು, ಇದನ್ನು ಯಾರೂ ಕೇಳಿರಲಿಲ್ಲ.”

ಊರಿನ ಹೆಸರು ಓಬರ್‌ಮ್ಯೂಲ್‌ಬಾಖ್. ಗಿರಣಿ ಹೊಳೆಯ ಮೇಲಿನ ಊರು ಎಂದು ಅರ್ಥ. ನನ್ನ ನಾಲಿಗೆಯ ಕ್ಷೇಮಕ್ಕಾಗಿ ಇಲ್ಲಿ ಮೇಲೂರು ಎಂದೇ ಕರೆಯುತ್ತೇನೆ. ಹೊಳೆಯ ಕೆಳಗೆ ಎರಡು ಕಿಲೋಮೀಟರಿನಲ್ಲಿ ಕೆಳಗಿನೂರೂ ಇದೆ. ನಮ್ಮಲ್ಲಿ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಇಲ್ಲವೇ, ಹಾಗೆ. ಕೆಳಗಿನೂರಿನವರ ಆಲೂಗಡ್ಡೆ ಬರೀ ನೀರು ಎನ್ನುವುದು ಟ್ರೂಡಿ ಆಂಟಿಯ ಅಚಲ ಅಭಿಪ್ರಾಯ. ಅಮೆರಿಕನ್ ಸಿಪಾಯಿಯನ್ನು ಮದುವೆಯಾಗಿ ಸಮುದ್ರ ದಾಟಿದರೂ, ಆ ಸಿಪಾಯಿಯನ್ನು ಮಣ್ಣು ಮಾಡಿದರೂ, ಕೆಳಗಿನೂರಿನ ಆಲೂಗಡ್ಡೆಯನ್ನು ಅವರು ಕ್ಷಮಿಸಿರಲಿಲ್ಲ.

ಮೇಲೂರಿನಲ್ಲಿ ನಲವತ್ತೊಂದು ಮನೆ, ಒಂದೇ ಬೀದಿ. ಉತ್ತರಕ್ಕೆ ಕಾಡು, ದಕ್ಷಿಣದ ಇಳಿಜಾರಿನಲ್ಲಿ ರೈ ಎಂಬ ಧಾನ್ಯ ಮತ್ತು ಆಲೂಗಡ್ಡೆ, ಪೂರ್ವಕ್ಕೆ ಹೊಳೆ. ಮನೆಗಳ ಮಾಡಿಗೆ ಕಪ್ಪು ಕಲ್ಲಿನ ತೆಳು ಹೆಂಚು. ಪ್ರತಿ ಮನೆಗೂ ಮನೆಯವರ ಹೆಸರಿನ ಜೊತೆಗೆ ಇನ್ನೊಂದು ಹೆಸರು. ಟ್ರೂಡಿಯ ಮನೆಗೆ ಕಮ್ಮಾರರ ಮನೆ ಎಂದು ಹೆಸರು. ಯಾವುದೋ ಮುತ್ತಜ್ಜ ಲಾಳ ಕಟ್ಟುತ್ತಿದ್ದನಂತೆ, ಅವರ ಅಪ್ಪ ಸುತ್ತಿಗೆಯನ್ನೇ ಹಿಡಿದವರಲ್ಲ. ಬೀದಿಗೆ ಮುಖ ಮಾಡಿ ಪ್ರತಿ ಮನೆಯ ಮುಂದೆ ತಿಪ್ಪೆ. ಯಾರ ತಿಪ್ಪೆ ದೊಡ್ಡದೋ ಅವರು ಶ್ರೀಮಂತರು, ಗಂಡು ನೋಡಲು ಬಂದವರು ಮೊದಲು ತಿಪ್ಪೆ ನೋಡುತ್ತಿದ್ದರು. ಇದನ್ನು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಯುರೋಪಿನಲ್ಲಿ ತಿಪ್ಪೆ ಇತ್ತು ಎಂದು ವೀಣಾಗೆ ಓಡಿಹೋಗಿ ಹೇಳಿದೆ. ಅವಳು ಮೀಟಿಂಗಿನಲ್ಲಿದ್ದಳು, ಮ್ಯೂಟ್ ಮಾಡಿರಲಿಲ್ಲ.

ಊರಿಗೆಲ್ಲ ಸೇರಿ ಒಂದೇ ಬ್ರೆಡ್ಡಿನ ಒಲೆ, ಅದಕ್ಕೊಂದು ಪುಟ್ಟ ಕಲ್ಲಿನ ಕಟ್ಟಡ. ಯಾರ ಸರದಿ ಯಾವಾಗ ಎಂದು ಚೀಟಿ ಎತ್ತುತ್ತಿದ್ದರು. ಮೊದಲ ಸರದಿ ಯಾರಿಗೂ ಬೇಡ, ಏಕೆಂದರೆ ತಣ್ಣಗಿರುವ ಒಲೆ ಕಾಯಿಸಲು ಅವರದ್ದೇ ಸೌದೆ ಹೆಚ್ಚು ಖರ್ಚಾಗುತ್ತದೆ. ಚರ್ಚೂ ಒಂದೇ. ಕ್ಯಾಥೊಲಿಕರಿಗೂ ಪ್ರಾಟೆಸ್ಟೆಂಟರಿಗೂ ಸೇರಿದ್ದು, ಬೇರೆ ಬೇರೆ ಹೊತ್ತಿಗೆ. ಮೊದಲಿನವರ ಪ್ರಾರ್ಥನೆ ಬೇಕೆಂದೇ ಉದ್ದವಾಗುತ್ತಿತ್ತು, ಹೊರಗೆ ನಿಂತವರು ಬೇಕೆಂದೇ ಕೆಮ್ಮುತ್ತಿದ್ದರು.

ಇದೆಲ್ಲ ಪುಸ್ತಕವಾಗಬೇಕು ಎಂದು ಬಯಸಿದವರು ಟ್ರೂಡಿ ಆಂಟಿಯೇ. ಅವರ ಮಗ ಪಾಲ್ ಅಟ್ಲಾಂಟಾದ ಹತ್ತಿರ ನಾರ್‌ಕ್ರಾಸ್‌ನಲ್ಲಿದ್ದ. ಕೊರೋನಾ ಇಳಿದ ಕೂಡಲೇ ಅಮ್ಮನನ್ನು ಕರೆದುಕೊಂಡು ಹೋಗುವವನಿದ್ದ. ಒಳ್ಳೆಯ ಮಗ, ಆದರೆ ಅಮ್ಮ ಜರ್ಮನಿಯವಳು ಎಂಬಲ್ಲಿಗೆ ಅವನ ಭೂಗೋಳ ಮುಗಿಯುತ್ತಿತ್ತು. ಮೇಲೂರಿನಲ್ಲಿ ಈಗ ಅರ್ಧಕ್ಕರ್ಧ ಮನೆ ಶನಿವಾರ ಮಾತ್ರ ಬರುವ ಪಟ್ಟಣದವರದ್ದು. ಆ ನಲವತ್ತೊಂದು ಮನೆಯಲ್ಲಿ ಯಾರ್ಯಾರಿದ್ದರು ಎಂದು ಸಾಲಾಗಿ ಹೇಳಬಲ್ಲವರು ತಾವೊಬ್ಬರೇ ಉಳಿದಿರುವುದು ಎಂದು ಅವರು ಹೇಳಿದರು. ಬರೆಯೋಣವೆಂದರೆ ಕಣ್ಣಿಲ್ಲ. ಹೋಗುವ ಮೊದಲು ಅದನ್ನು ಕಾಗದಕ್ಕೆ ಇಳಿಸದಿದ್ದರೆ ಅವರ ಜೊತೆಗೇ ಮುಗಿಯಿತು. ನಾನು ಎದೆ ಉಬ್ಬಿಸಿ, ಬರೆಯುವ ಕೆಲಸ ನನಗೆ ಬಿಡಿ ಎಂದೆ.

ನನ್ನ ಅರ್ಹತೆ ಏನೆಂದರೆ ನಾಲ್ಕನೇ ಕ್ಲಾಸಿನಲ್ಲಿ ಬರೆದ ‘ನಮ್ಮ ಊರು’ ಎಂಬ ಪ್ರಬಂಧ. ಅದನ್ನು ಗೈಡಿನಿಂದ ಇಳಿಸಿಕೊಂಡಿದ್ದೆ. ‘ನಮ್ಮ ಊರಿನ ಪೂರ್ವಕ್ಕೆ ನದಿ ಹರಿಯುತ್ತದೆ, ಜನರ ಮುಖ್ಯ ಕಸುಬು ವ್ಯವಸಾಯ’ ಎಂದಿತ್ತು. ಇಡೀ ಕ್ಲಾಸಿನಲ್ಲಿ ಅದೇ ಗೈಡು ಇದ್ದದ್ದರಿಂದ ಆ ವರ್ಷ ರಾಜಾಜಿನಗರದ ಪೂರ್ವಕ್ಕೆ ನಲವತ್ತು ನದಿಗಳು ಹರಿದವು. ಮೇಷ್ಟ್ರು ಎಲ್ಲರಿಗೂ ಹತ್ತಕ್ಕೆ ಏಳು ಕೊಟ್ಟರು. ನನಗೆ ಬರುವ ಗದ್ಯ ಅದೊಂದೇ. ಮೇಲೂರನ್ನೂ ಆ ಗದ್ಯದಲ್ಲೇ ಇಂಗ್ಲಿಷಿನಲ್ಲಿ ಬರೆದೆ: ಎಲ್ಲೆಗಳು, ಬೆಳೆಗಳು, ಕಸುಬುಗಳು.

ಇತಿಹಾಸಕ್ಕೆ ಬಂದಾಗ ತೊಡಕಾಯಿತು. ನಮ್ಮಲ್ಲಿ ಊರು ಎಂದ ಮೇಲೆ ಯಾರಾದರೂ ಬಂದು ಹೋಗಿರಲೇಬೇಕು. ರಾಮ ಬಾಣ ಬಿಟ್ಟಿರಬೇಕು, ಭೀಮ ಉಂಡಿರಬೇಕು, ಏನೂ ಇಲ್ಲವೆಂದರೆ ಒಬ್ಬ ಋಷಿಯಾದರೂ ತಪಸ್ಸು ಮಾಡಿರಬೇಕು. ನಿಮ್ಮೂರಿಗೆ ಯಾರು ಬಂದಿದ್ದರು ಎಂದು ಕೇಳಿದೆ. ಹದಿನೇಳನೇ ಶತಮಾನದ ಮೂವತ್ತು ವರ್ಷಗಳ ಯುದ್ಧದಲ್ಲಿ ಸ್ವೀಡನ್ನಿನವರು ಬಂದು ಸುಟ್ಟರು ಎಂದರು. ಆಮೇಲೆ? ಫ್ರೆಂಚರು ಬಂದು ಸುಟ್ಟರು. ಆಮೇಲೆ ಊರಿನವರೇ ಹಸಿವಿಗೆ ಬ್ರೆಜಿಲಿಗೆ ಹೋದರು. ದೊಡ್ಡವರು ಯಾರೂ ಬರಲಿಲ್ಲವೇ ಎಂದರೆ, ಒಬ್ಬ ಬಿಷಪ್ ಬರುವವನಿದ್ದ, ಕೆಸರು ನೋಡಿ ಕೆಳಗಿನೂರಿನಿಂದಲೇ ವಾಪಸ್ ಹೋದ ಎಂದರು.

ಇದನ್ನು ನನಗೆ ಸಹಿಸಲಾಗಲಿಲ್ಲ. ಇಷ್ಟು ಒಳ್ಳೆಯ ಊರಿಗೆ ಒಂದು ಸ್ಥಳಪುರಾಣ ಬೇಡವೇ? ಒಂದು ಮಧ್ಯಾಹ್ನ ಆಫೀಸಿನ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು ನಾನೇ ಒಬ್ಬ ಸಾಧುವನ್ನು ಸೃಷ್ಟಿಸಿದೆ. ಬಾಯಾರಿ ಬಂದ, ಕೋಲಿನಿಂದ ಬಂಡೆಗೆ ಹೊಡೆದ, ಹೊಳೆ ಚಿಮ್ಮಿತು, ಊರಾಯಿತು. ಎಂಟೇ ಸಾಲು. ಚೆನ್ನಾಗಿ ಬಂದಿದೆ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ಟ್ರೂಡಿ ಆಂಟಿಗೆ ಓದಿ ಹೇಳುವಾಗ ಆ ಎಂಟು ಸಾಲನ್ನು ಹಾರಿಸಿಬಿಟ್ಟೆ. ಹೇಗೂ ಅವರಿಗೆ ಕಾಣುವುದಿಲ್ಲ ಎಂದು ಮನಸ್ಸಿನ ಮೂಲೆಯಲ್ಲಿ ಅಂದುಕೊಂಡದ್ದು ನಿಜ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಶರತ್ಕಾಲ ಬಂತು. ಡ್ರೈವ್‌ವೇ ತುಂಬ ಮೇಪಲ್ ಎಲೆ. ಒಂದು ದಿನ ಅವರು, ನನ್ನ ಊರು ಸಾಕು, ಈಗ ನಿನ್ನ ಊರು ಹೇಳು ಎಂದರು. ನಿನ್ನ ಹೆಸರೇ ಊರಲ್ಲವೇ, ಎಷ್ಟು ಮನೆ?

ಆರು ತಿಂಗಳಿಂದ ಅವರ ಊರಿನ ಹಂದಿಗೂಡನ್ನೂ ಬಿಡದೆ ಲೆಕ್ಕ ಕೇಳಿದವನು ನಾನು, ನನ್ನ ಊರನ್ನು ನೋಡಿಲ್ಲ ಎಂದು ಹೇಗೆ ಹೇಳಲಿ? ಐವತ್ತು ಮನೆ ಎಂದೆ. ಒಂದೇ ಬೀದಿ, ಪೂರ್ವಕ್ಕೆ ಹೊಳೆ. ಮನೆ ಮುಂದೆ ತಿಪ್ಪೆ. ದೇವಸ್ಥಾನ ಒಂದೇ, ಎರಡು ಪಂಗಡದವರಿಗೂ ಸೇರಿದ್ದು, ಪೂಜೆಯ ಹೊತ್ತಿಗಾಗಿ ಜಗಳ. ಮಾತು ಸರಾಗವಾಗಿ ಬರುತ್ತಿತ್ತು, ನನಗೇ ಆಶ್ಚರ್ಯ. ಅದೇ ಹುರುಪಿನಲ್ಲಿ, ಊರ ಒಲೆಗೆ ಚೀಟಿ ಎತ್ತುತ್ತೇವೆ, ಮೊದಲ ಸರದಿ ಯಾರಿಗೂ ಬೇಡ ಎಂದೂ ಹೇಳಿಬಿಟ್ಟೆ.

ಅವರು ತಲೆ ಓರೆ ಮಾಡಿ ಕೇಳುತ್ತಿದ್ದರು. “ನಿಮ್ಮಲ್ಲಿ ಬ್ರೆಡ್ ಇಲ್ಲ, ರಾಗಿ ಮುದ್ದೆ, ಅದು ಮನೆಯ ಪಾತ್ರೆಯಲ್ಲಿ ಬೇಯುತ್ತದೆ ಅಂತ ನೀನೇ ಬೇಸಿಗೆಯಲ್ಲಿ ಹೇಳಿದ್ದೆ. ಹಾಗಾದರೆ ಊರ ಒಲೆ ಯಾಕೆ?” ಎಂದರು. ನಾನು ಎಲೆಗಳನ್ನು ಕಾಲಿನಿಂದ ಗುಡ್ಡೆ ಮಾಡತೊಡಗಿದೆ. “ಅದು ನನ್ನ ಊರು,” ಎಂದರು ಅವರು. ಕೋಪವಿರಲಿಲ್ಲ, ಅದಕ್ಕಿಂತ ಕೆಟ್ಟದ್ದೇನೋ ಇತ್ತು. “ಹಾಗಾದರೆ ನನ್ನ ಊರಿನಲ್ಲಿ ನೀನು ಏನೇನು ಸೇರಿಸಿದ್ದೀಯ?”

ಏನೂ ಇಲ್ಲ ಎಂದೆ. ಅವರು ಕುರ್ಚಿ ಮಡಚಿ ಒಳಗೆ ಹೋದರು. ಹೋಗುವಾಗ, ಬರೆದದ್ದನ್ನೆಲ್ಲ ಪಾಲ್‌ನ ಮಗಳು ಹ್ಯಾನಾಗೆ ಕಳಿಸು ಎಂದರು. ಹ್ಯಾನಾ ಕಾಲೇಜಿಗೆ ಹೋಗುವ ಹುಡುಗಿ, ಅಜ್ಜಿಗೆ ಹುಟ್ಟುಹಬ್ಬಕ್ಕೂ ಕ್ರಿಸ್‌ಮಸ್‌ಗೂ ಮಾತ್ರ ಫೋನ್ ಮಾಡುತ್ತಿದ್ದವಳು. ಕಳಿಸುವ ಮೊದಲು ಸಾಧುವನ್ನು ಅಳಿಸಬಹುದಿತ್ತು. ಅಳಿಸಲಿಲ್ಲ. ಒಬ್ಬರಾದರೂ ಅದನ್ನು ಓದಲಿ ಎಂಬ ಲೇಖಕನ ಆಸೆ ನನಗೆ ಆಗಲೇ ಹತ್ತಿಕೊಂಡಿತ್ತು.

ಆ ಭಾನುವಾರ ಹಾಲು, ಮೊಟ್ಟೆಯ ಚೀಲ ಹಿಡಿದು ಹೋದರೆ ಟ್ರೂಡಿ ಆಂಟಿ ಹೊರಗೆ ಕೂತು ಮಡಿಲಲ್ಲಿ ಫೋನ್ ಸ್ಪೀಕರಿಗೆ ಹಾಕಿಕೊಂಡಿದ್ದರು. ಹ್ಯಾನಾ ಓದುತ್ತಿದ್ದಳು. ಸರಿಯಾಗಿ ಸಾಧು ಬಂಡೆಗೆ ಕೋಲು ಎತ್ತಿದ್ದ. ಹ್ಯಾನಾ ನಗು ತಡೆಯಲಾರದೆ, ಅಜ್ಜೀ, ಇದು ನಿಜವಾ ಎಂದಳು. ನನ್ನ ಹೆಜ್ಜೆ ಸದ್ದು ಅವರಿಗೆ ಗೊತ್ತು. ನನ್ನ ಕಡೆ ಮುಖ ಮಾಡಿದರು.

“ಆ ಹೊಳೆಯನ್ನು ಯಾರೂ ಬರಿಸಲಿಲ್ಲ. ಅದು ಮೊದಲೇ ಇತ್ತು. ಅದಕ್ಕೇ ನಾವು ಅಲ್ಲಿದ್ದೆವು,” ಎಂದರು. ಆಮೇಲೆ ಮೆಲ್ಲಗೆ, “ನಾನು ಹೋದ ಮೇಲೆ ಇದರಲ್ಲಿ ಸುಳ್ಳು ಯಾವುದು ಅಂತ ಹೇಳುವವರು ಯಾರು?”

ನಾನು ಕ್ಷಮೆ ಕೇಳಿ, ಚೀಲ ಅಲ್ಲೇ ಇಟ್ಟು ಮನೆಗೆ ಬಂದೆ. ವೀಣಾಗೆ ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. “ಮೊದ್ಲು ನಿಮ್ ಊರು ಯಾವ್ದು ಅಂತ ಫೈಂಡ್ ಔಟ್ ಮಾಡ್ರೀ. ಆಮೇಲೆ ಅವ್ರಿಗೆ ಹೋಗಿ ನಿಜ ಹೇಳಿ,” ಎಂದಳು. ಐದನೇ ಕ್ಲಾಸಿನ ಮಗಳು ಅದಿತಿ ಲ್ಯಾಪ್‌ಟಾಪಿನಿಂದ ತಲೆಯೆತ್ತಿ, “ಅಪ್ಪ, ಯು ಲೈಡ್ ಟು ಟ್ರೂಡಿ ಆಂಟಿ?” ಎಂದು ಕೇಳಿ ಮತ್ತೆ ತಲೆ ತಗ್ಗಿಸಿದಳು. ಬೈಗುಳದ ಬಾಕಿ ಅಲ್ಲಿಗೆ ತೀರಿತು.

ನಮ್ಮ ಮನೆತನದಲ್ಲಿ ಹಳೆಯದನ್ನು ಬಲ್ಲವರು ಮೈಸೂರಿನ ಸರೋಜತ್ತೆ, ನನ್ನ ಅಪ್ಪನ ಅಕ್ಕ. ಫೋನ್ ಮಾಡಿ, ನಮ್ಮ ಹೊಸಹಳ್ಳಿ ಯಾವ ತಾಲ್ಲೂಕಿನದು ಎಂದು ಕೇಳಿದೆ.

“ಯಾವ ಹೊಸಹಳ್ಳಿ ಅಂತ ನಮ್ಮಪ್ಪಂಗೇ ಗೊತ್ತಿರ್ಲಿಲ್ಲ ಕಣೋ,” ಎಂದರು ಅತ್ತೆ. “ಅವ್ರಪ್ಪ ಚಿಕ್ಕೋರಿರುವಾಗ್ಲೇ ಬಿಟ್ಟು ಬಂದಿದ್ರಂತೆ. ಸ್ಕೂಲ್ನಲ್ಲಿ ಇನಿಶಿಯಲ್ ಕೇಳಿದ್ರು, ಇಟ್ಕೊಂಡ್ರು. ಈಗ್ಯಾಕೋ ನಿಂಗೆ, ಜಮೀನ್ಗಿಮೀನು ಸಿಗತ್ತಾ?”

ಜಮೀನಲ್ಲ, ಒಬ್ಬರು ಜರ್ಮನ್ ಹೆಂಗಸು ಕೇಳುತ್ತಿದ್ದಾರೆ ಎಂದೆ. ಅವರಿಗ್ಯಾಕೆ ಎಂದರು. ನಾನು ಮೊದಲು ಅವರ ಊರು ಕೇಳಿದ್ದೆ, ಅದಕ್ಕೆ ಎಂದೆ. ನೀನು ಚಿಕ್ಕವನಿದ್ದಾಗಲೂ ಹೀಗೇ ಅಧಿಕಪ್ರಸಂಗಿ ಎಂದು ಅತ್ತೆ ಫೋನ್ ಇಟ್ಟರು.

ಅಂದರೆ ಅಜ್ಜನಿಂದ ಅದಿತಿಯ ತನಕ ನಾಲ್ಕು ತಲೆಮಾರಿನಿಂದ ನಾವು ನೋಡದ ಊರನ್ನು ಹೆಸರಿನ ಮುಂದೆ ಕಟ್ಟಿಕೊಂಡು ಓಡಾಡುತ್ತಿದ್ದೇವೆ. ನನಗೆ ನಿಜವಾಗಿ ಬೇಸರವಾಯಿತು. ಮರುದಿನವೇ ಹೋಗಿ ಟ್ರೂಡಿ ಆಂಟಿಗೆ ಇದನ್ನು ಇದ್ದ ಹಾಗೆ ಹೇಳಿದೆ. ಮನೆಗಳ ಸಂಖ್ಯೆ ಗೊತ್ತಿಲ್ಲ, ಹೊಳೆ ಇದೆಯೋ ಇಲ್ಲವೋ ಗೊತ್ತಿಲ್ಲ, ಊರು ಎಲ್ಲಿದೆ ಎಂಬುದೇ ಗೊತ್ತಿಲ್ಲ. ಅವರು, ಇದನ್ನು ನಂಬಬಹುದು ಎಂದರು. ಭಾನುವಾರ ಮೂರು ಗಂಟೆಗೆ ಲ್ಯಾಪ್‌ಟಾಪ್ ತಾ ಎಂದರು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಫೋನಿನಲ್ಲಿ ಹ್ಯಾನಾ, ಕುರ್ಚಿಯಲ್ಲಿ ಅವರು, ಎದುರಿಗೆ ನಾನು. ಬರೆದದ್ದನ್ನು ಹ್ಯಾನಾ ಗಟ್ಟಿಯಾಗಿ ಓದಬೇಕು, ಅಜ್ಜಿ ಒಪ್ಪಬೇಕು. ಸಾಧುವಿನ ತಪಾಸಣೆಗೆ ಬಂದ ಹುಡುಗಿ ಪ್ರಶ್ನೆ ಕೇಳಲು ಶುರು ಮಾಡಿದಳು. ನಿನ್ನ ಗೆಳತಿ ಯಾವ ಮನೆಯವಳು ಅಜ್ಜಿ? ಚಳಿಗಾಲದಲ್ಲಿ ಎಲ್ಲಿ ಮಲಗುತ್ತಿದ್ದೆ? ಅಜ್ಜ ಮೊದಲ ಸಲ ಊರಿಗೆ ಬಂದಾಗ ನಿಮ್ಮಪ್ಪ ಏನು ಮಾಡಿದರು? ಅವರು ಅಜ್ಜನನ್ನು ತಿಪ್ಪೆಯ ಮುಂದೆ ನಿಲ್ಲಿಸಿ, ಗೊಬ್ಬರ ಎತ್ತುವ ಕವಲುಗೋಲು ಕೊಟ್ಟಿದ್ದರಂತೆ. ಇಂಥದ್ದನ್ನು ನಾನು ಒಂದೂ ಕೇಳಿರಲಿಲ್ಲ. ದೂರ, ದಿಕ್ಕು, ಸಂಖ್ಯೆ, ಇಷ್ಟೇ ನನ್ನ ತಲೆಯಲ್ಲಿ. ನಾನು ಬರೆದಿದ್ದ ಇಪ್ಪತ್ತು ಪುಟದ ಮೇಲೂರಿನಲ್ಲಿ ಟ್ರೂಡಿ ಎಂಬ ಹುಡುಗಿಯೇ ಇರಲಿಲ್ಲ.

ಮುಂದಿನ ವರ್ಷವೆಲ್ಲ ಹೀಗೇ ಕಳೆಯಿತು. ಕೊನೆಗೆ ನಲವತ್ತೊಂದನೆಯ ಮನೆಯೂ ಮುಗಿಯಿತು. ಸ್ವಲ್ಪ ದಿನಕ್ಕೆ ಪಾಲ್ ಬಂದು ಅಮ್ಮನನ್ನು ಕರೆದುಕೊಂಡು ಹೋದ. ಮಡಚುವ ಕುರ್ಚಿಯೊಂದನ್ನು ನಮಗೆ ಬಿಟ್ಟು ಹೋದರು. ಅಷ್ಟರಲ್ಲಿ ಅವರು ನನ್ನಿಂದ ಎರಡು ಕನ್ನಡ ಪದ ಕಲಿತಿದ್ದರು. ಕಾರು ಹೊರಡುವಾಗ ಕಿಟಕಿ ಇಳಿಸಿ ಅದನ್ನೇ ಹೇಳಿದರು: “ಯಾವಾ ಊರೂ?” ನಾನು ಉತ್ತರ ಹೇಳುವಷ್ಟರಲ್ಲಿ ಕಾರು ತಿರುವು ದಾಟಿತು.

ಅದರ ಮುಂದಿನ ಬೇಸಿಗೆಯಲ್ಲಿ ನಾವು ನಾರ್‌ಕ್ರಾಸ್‌ಗೆ ಹೋದೆವು. ಹತ್ತು ಹನ್ನೊಂದು ಗಂಟೆ ಡ್ರೈವ್. ದಾರಿಯ ಎರಡೂ ಕ್ಯಾರೊಲೈನಾ ರಾಜ್ಯಗಳಲ್ಲಿ ಒಂದೊಂದು ಕಡೆ ನಿಂತು ಪುಳಿಯೋಗರೆ ಮುಗಿಸಿದೆವು. ದಾರಿಯುದ್ದಕ್ಕೂ ನಾನು ವೀಣಾಗೆ ಮೇಲೂರಿನ ಬೀದಿಯನ್ನು ಎಡಕ್ಕೆ ಬಲಕ್ಕೆ ಹೇಳುತ್ತಿದ್ದೆ, ಅವಳು ಎಕ್ಸಿಟ್ ನೋಡ್ರೀ ಎನ್ನುತ್ತಿದ್ದಳು. ಒಂದು ಎಕ್ಸಿಟ್ ತಪ್ಪಿತು.

ಟ್ರೂಡಿ ಆಂಟಿ ಇನ್ನೂ ಸಣ್ಣಗಾಗಿದ್ದರು. ಹೆಜ್ಜೆ ಸದ್ದಿಗೇ ಗುರುತು ಹಿಡಿದರು. ಹ್ಯಾನಾಳನ್ನು ನಾನು ಮೊದಲ ಸಲ ನೋಡಿದ್ದು ಅಂದೇ. ಎತ್ತರದ ಹುಡುಗಿ, ಅಜ್ಜಿಯ ಮೂಗು. ಹಸಿರು ರಟ್ಟಿನ ಪುಸ್ತಕವನ್ನು ಅವಳೇ ಅಚ್ಚು ಮಾಡಿಸಿದ್ದಳು. ನನ್ನ ಕೈಗೆ ಒಂದು ಪ್ರತಿ ಕೊಟ್ಟಳು. ಬರೆದವನ ಗತ್ತಿನಿಂದ ಪುಟ ತಿರುವಿದೆ. ಎಲ್ಲ ನನಗೆ ಗೊತ್ತಿದ್ದದ್ದೇ, ಆದರೆ ನಾನು ಟೈಪ್ ಮಾಡಿದ್ದು ಮೂವತ್ತೈದು ಪುಟ.

ಕೊನೆಯ ಪುಟವನ್ನು ಓದು ಎಂದು ಅಜ್ಜಿ ಮೊಮ್ಮಗಳಿಗೆ ಹೇಳಿದರು. ಹ್ಯಾನಾ ಓದಿದಳು:

“ನಲವತ್ತೆರಡನೆಯ ಮನೆ. ಹೆಸರು, ಕೇಳುವವರ ಮನೆ. ಹೊಳೆಯ ಆಚೆ, ಪೂರ್ವಕ್ಕೆ, ಕಮ್ಮಾರರ ಮನೆಯ ಖಾಲಿ ಜಾಗದಲ್ಲಿ. ಇವರು ತಡವಾಗಿ ಬಂದವರು, ಬೇರೊಂದು ಊರಿನಿಂದ. ಅದು ಎಲ್ಲಿದೆ ಎಂದು ಇವರಿಗೂ ತಿಳಿಯದು. ಮಾತು ಹೆಚ್ಚು. ಒಮ್ಮೆ ಸುಳ್ಳು ಹೇಳಿ ಒಪ್ಪಿಕೊಂಡಿದ್ದಾರೆ. ತಿಪ್ಪೆ ಇನ್ನೂ ಇಲ್ಲ. ಹೊಸಬರಾದ್ದರಿಂದ ಒಲೆಯ ಮೊದಲ ಸರದಿ ಇವರದ್ದೇ. ಸೌದೆ ಇವರೇ ತರಬೇಕು.”

ವೀಣಾ ಜೋರಾಗಿ ನಕ್ಕಳು. ತಿಪ್ಪೆ ಅಂದರೆ ಏನು ಎಂದು ಅದಿತಿ ಕೇಳುತ್ತಿದ್ದಳು. ನನಗೆ ನಗಲಾಗಲಿಲ್ಲ. ಟ್ರೂಡಿ ಆಂಟಿಗೆ ನನ್ನ ಮುಖ ಕಾಣುವುದಿಲ್ಲ ಎಂಬ ಧೈರ್ಯದಿಂದ ಕಣ್ಣೊರೆಸಿಕೊಂಡೆ. ಕಾಣದಿದ್ದರೂ ಅವರಿಗೆ ತಿಳಿಯಿತು ಅನ್ನಿಸುತ್ತದೆ, ಕೈ ಚಾಚಿ ನನ್ನ ತೋಳು ಹುಡುಕಿ ಹಿಡಿದುಕೊಂಡರು.

“ಯಾವಾ ಊರೂ?” ಎಂದರು.

ಈ ಸಲ ಮನೆ ನಂಬರನ್ನೂ ಸೇರಿಸಿ ಹೇಳಿದೆ.